ಕಾರ್ಬನ್ ಫೈಬರ್ ಶಾಫ್ಟ್ ಮಾಡಿದ್ದು: ನನ್ನ ಅನುಭವ

ಮೋಟರ್‌ಗೂ ಗೇರ್‌ಬಾಕ್ಸ್‌ಗೂ ನಡುವೆ 3 ಮೀಟರ್ ದೂರ. ಮೋಟರ್ ತಿರುಗುವುದನ್ನು ಗೇರ್‌ಬಾಕ್ಸ್‌ಗೆ ಮುಟ್ಟಿಸಲು ಅಲ್ಲಿದ್ದದ್ದು ಎರಡು ತುಂಡಿನ ಉಕ್ಕಿನ ಶಾಫ್ಟ್, ಮಧ್ಯೆ ಒಂದು ಬೇರಿಂಗ್. ಆ ಬೇರಿಂಗ್ ಪದೇ ಪದೇ ಕೈಕೊಡುತ್ತಿತ್ತು. ಅದನ್ನೇ ತೆಗೆದು ಉಕ್ಕಿನ ಒಂದೇ ಶಾಫ್ಟ್ ಹಾಕೋಣ ಅಂತ ಲೆಕ್ಕ ಹಾಕಿದೆ. 100 ಮಿ.ಮೀ. ವ್ಯಾಸದ ಕೊಳವೆ ಸುಮಾರು 1850 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟಿದರೆ ಬಿಲ್ಲಿನಂತೆ ಬಾಗಿ ಬಡಿದುಕೊಳ್ಳುತ್ತದೆ. ನಮ್ಮ ಯಂತ್ರ ಓಡುವುದು 1500ರಲ್ಲಿ. ಇಷ್ಟು ಹತ್ತಿರ ಓಡಿಸುವ ಧೈರ್ಯ ನನಗಿಲ್ಲ. ಹಾಗಾಗಿ ಕಾರ್ಬನ್ ಫೈಬರ್ ಕಡೆ ತಿರುಗಿದೆ. ಇದರಲ್ಲಿ ಕಾರ್ಬನ್ ಎಳೆಗಳನ್ನು ಅಂಟಿನ ಜೊತೆ ಪದರ ಪದರವಾಗಿ ಸುತ್ತಿ ಕೊಳವೆ ಮಾಡುತ್ತಾರೆ.

ತಿರುಚುವ ಬಲ ತಡೆಯಲು ಎಳೆಗಳನ್ನು 45 ಡಿಗ್ರಿಯಲ್ಲಿ ಸುತ್ತಬೇಕು ಅಂತ ಎಲ್ಲರಿಗೂ ಗೊತ್ತು. ಮೊದಲ ವಿನ್ಯಾಸದಲ್ಲಿ ನಾನು ಬರೀ 45 ಡಿಗ್ರಿಯನ್ನೇ ಇಟ್ಟೆ. ಟಾರ್ಕ್ (ಆ ತಿರುಚುವ ಬಲ) ಲೆಕ್ಕ ಚೆನ್ನಾಗಿಯೇ ಬಂತು. ಆದರೆ ಅಂಥ ಕೊಳವೆ ಉದ್ದಕ್ಕೆ ತುಂಬಾ ಮೆತ್ತಗೆ. ಅದರ ಬಿಗಿತ ಉಕ್ಕಿನ ಹತ್ತನೇ ಒಂದು ಪಾಲೂ ಇರುವುದಿಲ್ಲ. ತೂಕ ಉಕ್ಕಿನ ಐದನೇ ಒಂದು ಪಾಲಾದರೂ, ಬಾಗುವ ವೇಗ 1200ರ ಆಸುಪಾಸಿಗೆ ಇಳಿಯಿತು. ಉಕ್ಕಿಗಿಂತಲೂ ಕಡೆ! ಉದ್ದಕ್ಕೆ ಸುಮಾರು 12 ಡಿಗ್ರಿಯಲ್ಲಿ ಓಡುವ ಪದರಗಳನ್ನು ಜಾಸ್ತಿ ಸೇರಿಸಿದ ಮೇಲೆ ಅದು 2500 ದಾಟಿತು. ಕೊಳವೆಯ ದುಂಡು ಆಕಾರ ಕೆಡದಿರಲಿ ಅಂತ ಹೊರಗೆ ಅಡ್ಡಕ್ಕೂ ಒಂದು ಪದರ ಸುತ್ತಿದೆವು.

ನಿಜವಾದ ಕಷ್ಟ ತುದಿಗಳಲ್ಲಿತ್ತು. ಉಕ್ಕಿನ ಫ್ಲ್ಯಾಂಜನ್ನು (ಶಾಫ್ಟನ್ನು ಯಂತ್ರಕ್ಕೆ ಜೋಡಿಸುವ ತುದಿಭಾಗ) ಕೊಳವೆಗೆ ಎಪಾಕ್ಸಿ ಅಂಟಿನಿಂದ ಅಂಟಿಸಿದ್ದೆವು. ಪರೀಕ್ಷೆಯಲ್ಲಿ ಬೇಕಾದ ಟಾರ್ಕ್‌ನ ಅರ್ಧಕ್ಕೇ ಟಪ್ ಅಂತ ಬಿಟ್ಟುಕೊಂಡಿತು. ಕೊಳವೆಗೆ ಏನೂ ಆಗಿರಲಿಲ್ಲ. ಅಂಟೆಲ್ಲ ಕೊಳವೆಯಲ್ಲೇ ಉಳಿದು, ಲೋಹ ಹೊಳೆಯುತ್ತಿತ್ತು. ಅಂದರೆ ಅಂಟು ಲೋಹವನ್ನು ಹಿಡಿದೇ ಇರಲಿಲ್ಲ. ಅಂಟಿಸುವ ಉದ್ದ ಹೆಚ್ಚಿಸೋಣ ಅನ್ನಿಸುತ್ತದೆ, ಅಲ್ವಾ? ಅದರಿಂದ ಅಷ್ಟೇನೂ ಲಾಭವಿಲ್ಲ, ಒತ್ತಡ ಎರಡು ಅಂಚುಗಳಲ್ಲೇ ಸೇರಿಕೊಳ್ಳುತ್ತದೆ. ಹಾಗಾಗಿ ಫ್ಲ್ಯಾಂಜ್‌ನ ತೋಳಿನ (ಕೊಳವೆಗೆ ಅಂಟುವ ಭಾಗ) ಅಂಚನ್ನು ತೆಳ್ಳಗೆ ಇಳಿಜಾರು ಮಾಡಿದೆವು. ಲೋಹಕ್ಕೆ ಗ್ರಿಟ್ ಬ್ಲಾಸ್ಟಿಂಗ್ ಮಾಡಿ (ಗಟ್ಟಿ ಹರಳು ಸಿಡಿಸಿ ಒರಟು ಮಾಡಿ), ಅಸಿಟೋನ್‌ನಿಂದ ಒರೆಸಿ, ಬರಿಗೈ ತಾಗಿಸದೆ ಆ ಗಳಿಗೆಯಲ್ಲೇ ಅಂಟಿಸಿದೆವು. ಅಂಟಿನ ದಪ್ಪ ಸುತ್ತಲೂ 0.2 ಮಿ.ಮೀ. ಇರಲೆಂದು ಅದರಲ್ಲಿ ಸಣ್ಣ ಗಾಜಿನ ಮಣಿಗಳನ್ನು ಬೆರೆಸಿದೆವು. ಎರಡನೇ ಶಾಫ್ಟ್ ಪೂರ್ತಿ ಟಾರ್ಕ್ ತಡೆಯಿತು. ತಿರುಗುವಾಗ ಅದುರದಂತೆ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಒಂದೇ ದಿನದಲ್ಲಿ ಮುಗಿಯಿತು.

ಒಂದು ಭಯ ಮಾತ್ರ ಈಗಲೂ ಇದೆ. ಮೇಲಿಂದ ಸ್ಪ್ಯಾನರ್ ಬಿದ್ದರೆ ಉಕ್ಕಿನಲ್ಲಿ ತಗ್ಗು ಕಾಣುತ್ತದೆ. ಇದರಲ್ಲಿ ಹೊರಗೆ ಗುರುತೇ ಇಲ್ಲದೆ ಒಳಪದರಗಳು ಬಿಟ್ಟುಕೊಂಡಿರಬಹುದು. ಅದಕ್ಕೇ ಗಟ್ಟಿ ಗಾರ್ಡ್ ಹಾಕಿಸಿದ್ದೇನೆ. ಯಂತ್ರ ನಿಂತಾಗಲೆಲ್ಲ ನಾಣ್ಯ ಹಿಡಿದು ಶಾಫ್ಟ್ ಉದ್ದಕ್ಕೂ ತಟ್ಟುತ್ತಾ ಹೋಗುತ್ತೇನೆ. ಎಲ್ಲಾದರೂ ದನಿ ಮಂಕಾದರೆ, ಅಲ್ಟ್ರಾಸೌಂಡ್ ಪರೀಕ್ಷೆ ಆಗುವವರೆಗೆ ಯಂತ್ರ ಶುರು ಮಾಡಲು ಬಿಡುವುದಿಲ್ಲ.