ಹೆಸರು ಮುಚ್ಚಿ ಆರಿಸಿದ ಹದಿನೈದು: 2024ರ ರಗ್ಬಿ ತಂಡ, ನನ್ನ ಅನುಭವ

ಕೊನೆಗೂ 2024ರ ಅತ್ಯುತ್ತಮ ರಗ್ಬಿ ಹದಿನೈದರ ಪಟ್ಟಿ ಒಂದೇ ಸಂಜೆಯಲ್ಲಿ ಮುಗಿಯಿತು. ಯಾರೂ ಗುಂಪು ಬಿಟ್ಟು ಹೋಗಲಿಲ್ಲ. ಡಬ್ಲಿನ್‌ನಲ್ಲಿ ನಮ್ಮ ಆಫೀಸಿನ ಗುಂಪಿನಲ್ಲಿ ಐರಿಷ್‌ನವರು ಜಾಸ್ತಿ, ಇಬ್ಬರು ದಕ್ಷಿಣ ಆಫ್ರಿಕಾದವರು, ಒಬ್ಬ ನ್ಯೂಜಿಲೆಂಡಿನವನು, ಒಬ್ಬ ಫ್ರೆಂಚ್, ಜೊತೆಗೆ ನಾವು ನಾಲ್ಕೈದು ಜನ ಕನ್ನಡದವರು. ನವೆಂಬರ್ ಟೆಸ್ಟ್‌ಗಳು (ದೇಶ ದೇಶದ ನಡುವಿನ ಪಂದ್ಯಗಳು) ಮುಗಿಯುತ್ತಾ ಬಂದ ಹಾಗೆ ವರ್ಷದ ಅತ್ಯುತ್ತಮ ಹದಿನೈದು ಯಾರು ಅಂತ ಒಂದೊಂದು ಜೆರ್ಸಿಗೂ ಕಿತ್ತಾಟ ಶುರುವಾಗುತ್ತದೆ. ಇದಕ್ಕೊಂದು ಲೆಕ್ಕದ ದಾರಿ ಮಾಡುತ್ತೇನೆ ಅಂತ ನಾನು ಹೇಳಿದಾಗ ನಕ್ಕವರೇ ಎಲ್ಲರೂ, ಊಟದ ಬಾಜಿಯೂ ಬಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಟದ ನಿಯಮಗಳನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ, ಬೇಕಾದಲ್ಲಿ ಎರಡು ಮಾತು ಅಷ್ಟೇ. ನೋಡುವವರಿಗೆ ಗೊತ್ತಿರುತ್ತದೆ.

2023ರಲ್ಲಿ ಮಾಡಿದ್ದು ಪೂರ್ತಿ ಅಂಕಿಅಂಶದ ಪಟ್ಟಿ. ಅದಕ್ಕೆ ದುಡ್ಡೂ ಹೋಯಿತು. ಅಂಕಿ ಮಾರುವ ಒಂದು ಕಡೆಯಿಂದ ಸುಮಾರು ಎಂಬತ್ತು ಯೂರೋ ಕೊಟ್ಟು ಕಡತ ತಗೊಂಡೆ. ಬಂದಮೇಲೆ ನೋಡಿದರೆ, ಬೆಂಚಿನಿಂದ ಇಳಿದವನಿಗೂ ಪೂರ್ತಿ ಎಂಬತ್ತು ನಿಮಿಷ ಬರೆದಿದ್ದಾರೆ. ಎರಡು ಸಲ ಬರೆದು ಕೇಳಿದೆ, ಉತ್ತರವೇ ಬರಲಿಲ್ಲ. ಆಮೇಲೆ ಶನಿವಾರ, ಭಾನುವಾರ ಕೂತು ನಿಮಿಷಗಳನ್ನೆಲ್ಲ ಕೈಯಾರೆ ತಿದ್ದಿದೆ. ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವೋದು), ಓಡಿದ ಮೀಟರ್, ಲೈನ್ ಬ್ರೇಕ್, ಟರ್ನೋವರ್, ಆಫ್‌ಲೋಡ್, ಎಲ್ಲ ಕೂಡಿಸಿ ಒಂದೊಂದು ಜಾಗಕ್ಕೆ ಮೊದಲು ಬಂದವನನ್ನು ಎತ್ತಿಕೊಂಡೆ. ಬಂದ ಹದಿನೈದರಲ್ಲಿ ಒಬ್ಬ ಸ್ಪ್ರಿಂಗ್‌ಬಾಕ್, ಅಂದರೆ ದಕ್ಷಿಣ ಆಫ್ರಿಕಾ ತಂಡದವನು, ಕೂಡ ಇಲ್ಲ. ಅವರು ವಿಶ್ವಕಪ್ ಗೆದ್ದು ಇನ್ನೂ ತಿಂಗಳಾಗಿರಲಿಲ್ಲ! ನಮ್ಮ ಮಂಡ್ಯದ ಹುಡುಗ ಎಲ್ಲರ ಎದುರೇ ಅಂದ, "ಅಣ್ಣ, ಕಪ್ ಗೆದ್ದ ಟೀಮಿಂದ ಒಬ್ಬನೂ ಇಲ್ಲ ಅಂದ್ರೆ ಆ ಎಕ್ಸೆಲ್ಲಿಗೆ ಬೆಂಕಿ ಇಡಿ."

ಆಟ ನಡೆಸುವ ಸಂಸ್ಥೆ ವರ್ಲ್ಡ್ ರಗ್ಬಿಯ ಅಧಿಕೃತ ಪಟ್ಟಿಯೂ ಆ ವರ್ಷ ದೊಡ್ಡದೇನೂ ಮಾಡಿರಲಿಲ್ಲ. ಅದರಲ್ಲಿದ್ದ ಸ್ಪ್ರಿಂಗ್‌ಬಾಕ್ ಎಬೆನ್ ಎಟ್ಸೆಬೆತ್ ಒಬ್ಬನೇ. ಹಾಗಾಗಿ ನನ್ನದೊಂದೇ ತಲೆಕೆಟ್ಟ ಪಟ್ಟಿ ಅಲ್ಲ ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಆ ಕಪ್ಪಿನಲ್ಲಿ ದಕ್ಷಿಣ ಆಫ್ರಿಕಾ ಗೆದ್ದ ಕೊನೆಯ ಮೂರು ಪಂದ್ಯ ಮತ್ತೆ ಹಾಕಿಕೊಂಡು ಕೂತೆ. ಫ್ರಾನ್ಸ್ ಮೇಲೆ 29-28, ಇಂಗ್ಲೆಂಡ್ ಮೇಲೆ 16-15, ಫೈನಲ್‌ನಲ್ಲಿ ನ್ಯೂಜಿಲೆಂಡ್ ಮೇಲೆ 12-11. ಮೂರೂ ಒಂದೊಂದೇ ಅಂಕ. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್‌ನ ಥೋಮಾ ರಾಮೋಸ್ ಕನ್ವರ್ಷನ್, ಅಂದರೆ ಎರಡು ಅಂಕದ ಒದೆತ, ಹೊಡೆಯೋಕೆ ಹೊರಟಾಗ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ಓಡಿ ಬಂದು ಚೆಂಡನ್ನು ತಡೆದನಲ್ಲ, ಆ ಎರಡು ಅಂಕಕ್ಕೆ ನನ್ನ ಯಾವ ಕಾಲಮ್ಮೂ ಇರಲಿಲ್ಲ. ಸೆಮಿಫೈನಲ್‌ನಲ್ಲಿ ಬೆಂಚಿನಿಂದ ಬಂದ ಓಕ್ಸ್ ಎನ್‌ಚೆ ಸ್ಕ್ರಮ್ (ಎರಡೂ ಕಡೆಯ ಎಂಟೆಂಟು ಜನ ಹೆಗಲು ಕೊಟ್ಟು ತಳ್ಳೋದು) ತಿರುಗಿಸಿದ, ಅದಕ್ಕೂ ಕಾಲಮ್ ಇಲ್ಲ. ಫೈನಲ್‌ನಲ್ಲಿ ಪೀಟರ್-ಸ್ಟೆಫ್ ಡು ಟಾಯ್ಟ್ 28 ಟ್ಯಾಕಲ್ ಮಾಡಿದ, ಅದು ಕಾಲಮ್ಮಿನಲ್ಲಿದೆ. ಆದರೆ ರೊಮೇನಿಯಾ ವಿರುದ್ಧ ಇನ್ಯಾರೋ ಮಾಡಿದ ಟ್ಯಾಕಲ್‌ಗೂ ಅಷ್ಟೇ ಬೆಲೆ. ಮೇಲಾಗಿ ಸ್ಪ್ರಿಂಗ್‌ಬಾಕ್‌ಗಳು ಕೆಲವು ಪಂದ್ಯಗಳಲ್ಲಿ ಬೆಂಚಿನ ಮೇಲೆ ಏಳು ಫಾರ್ವರ್ಡ್ (ಸ್ಕ್ರಮ್ ತಳ್ಳುವವರು) ಕೂರಿಸಿ ಎಂಬತ್ತು ನಿಮಿಷವನ್ನು ಹಂಚಿಕೊಂಡು ಆಡುವವರು. ಒಬ್ಬನ ಒಟ್ಟು ಮೊತ್ತ ಹೇಗೆ ಮೇಲೆ ಬರುತ್ತದೆ ಹೇಳಿ?

ಮೀಟರ್ ಲೆಕ್ಕ ಇನ್ನೂ ಮೋಸ. ಎದುರಾಳಿ ಒದ್ದ ಚೆಂಡನ್ನು ಹಿಡಿದು ಖಾಲಿ ಜಾಗದಲ್ಲಿ ಇಪ್ಪತ್ತು ಮೀಟರ್ ಓಡಿ ಬಂದ ಫುಲ್‌ಬ್ಯಾಕ್ (ಎಲ್ಲರಿಗಿಂತ ಹಿಂದೆ ನಿಲ್ಲುವವನು) ಯಾವತ್ತೂ ಮೇಲೆಯೇ ಇರುತ್ತಾನೆ. ಮೂರು ಜನರನ್ನು ಹೊತ್ತುಕೊಂಡು ಎರಡೇ ಮೀಟರ್ ಮುಂದೆ ಬಿದ್ದ ಸೆಂಟರ್ (ನಡುವಿನ ಆಟಗಾರ) ಕೆಳಗೆ. ಆ ಎರಡು ಮೀಟರ್ ಇಲ್ಲದಿದ್ದರೆ ಮುಂದಿನ ಫೇಸ್‌ಗೆ (ಒಂದು ಟ್ಯಾಕಲ್‌ನಿಂದ ಇನ್ನೊಂದರವರೆಗಿನ ಆಟ) ಚೆಂಡೇ ಬರುತ್ತಿರಲಿಲ್ಲ ಅನ್ನೋದು ಎಕ್ಸೆಲ್ಲಿಗೆ ಹೇಗೆ ಗೊತ್ತಾಗಬೇಕು.

ಹಾಗಾಗಿ 2024ಕ್ಕೆ ಎಲ್ಲ ಬದಲಾಯಿಸಿದೆ. ಮೊದಲನೆಯದು, ಕಷ್ಟದ ಪಂದ್ಯ ಮಾತ್ರ. ಏಳೆಂಟು ದೊಡ್ಡ ತಂಡಗಳು ಒಬ್ಬರಿಗೊಬ್ಬರು ಆಡಿದ್ದು ಲೆಕ್ಕಕ್ಕೆ, ಉಳಿದದ್ದು ಇಲ್ಲ. ಐರ್ಲೆಂಡ್ ಇಲ್ಲೇ ಡಬ್ಲಿನ್‌ನಲ್ಲಿ ಫಿಜಿಯನ್ನು 52-17ರಿಂದ ಸೋಲಿಸಿದ್ದು ನೋಡೋಕೆ ಚೆಂದ, ಪಟ್ಟಿಗೆ ಸೊನ್ನೆ. ಜೊತೆಗೆ ತನ್ನ ತಂಡದ ವರ್ಷದ ಎರಡೂ ಅರ್ಧದಲ್ಲಿ ಆಡಿರಬೇಕು ಅಂತ ಇಟ್ಟೆ. ಐರಿಷ್ ಗೆಳೆಯರಿಗೆ ಇದು ಉರಿಯಿತು, ಯಾಕೆಂದರೆ ಅವರ ಡ್ಯಾನ್ ಶೀಹನ್ ವರ್ಷದ ಶುರುವಿನ ಸಿಕ್ಸ್ ನೇಷನ್ಸ್‌ನಲ್ಲಿ (ಯುರೋಪಿನ ಆರು ದೇಶಗಳ ಪಂದ್ಯಾವಳಿ) ಐದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ನೆಲಕ್ಕಿಡೋದು) ಹೊಡೆದು ಜುಲೈನಲ್ಲಿ ಪ್ರಿಟೋರಿಯಾದಲ್ಲಿ ಮೊಣಕಾಲು ಮುರಿದುಕೊಂಡು ಕೂತ. ಅವನ ಹುಕರ್ ಜಾಗ (ಸ್ಕ್ರಮ್ ಮುಂದಿನ ಸಾಲಿನ ನಡುವಿನದು) ದಕ್ಷಿಣ ಆಫ್ರಿಕಾದ ಮಾಲ್ಕಮ್ ಮಾರ್ಕ್ಸ್‌ಗೆ ಹೋಯಿತು. ಸ್ಕ್ರಮ್ ಹಾಫ್‌ನಲ್ಲಿ (ಸ್ಕ್ರಮ್ ಹಿಂದಿನಿಂದ ಚೆಂಡು ಹಂಚುವವನು) ನಮ್ಮ ಫ್ರೆಂಚ್ ಗೆಳೆಯನಿಗೂ ಅದೇ ಉರಿ. ಆಂತ್ವಾನ್ ಡ್ಯುಪಾಂಟ್ ಸೆವೆನ್ಸ್ (ಏಳು ಜನರ ರಗ್ಬಿ) ಆಡೋಕೆ ಹೋಗಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದ, ಸರಿ, ಆದರೆ ಸಿಕ್ಸ್ ನೇಷನ್ಸ್ ಆಡಲೇ ಇಲ್ಲ. ನವೆಂಬರ್ ಒಂದರ ಮೇಲೆ ವರ್ಷದ ಆಟಗಾರ ಅನ್ನೋಕಾಗಲ್ಲ.

ಎರಡನೆಯದು, ಬೆನ್ನಿನ ಮೇಲಿನ ನಂಬರ್ ನೋಡದೆ ಕೆಲಸ ನೋಡಿ ವಿಂಗಡಿಸಿದೆ. ಇದು ಮೊದಲೇ ಎಷ್ಟು ಜಗಳ ತಂದಿತ್ತು ಅಂದರೆ! ದಕ್ಷಿಣ ಆಫ್ರಿಕಾದಲ್ಲಿ 7 ಹಾಕಿಕೊಂಡವನು ಬ್ಲೈಂಡ್‌ಸೈಡ್ (ಸ್ಕ್ರಮ್‌ನ ಇಕ್ಕಟ್ಟಿನ ಕಡೆಯವನು), 6 ಹಾಕಿಕೊಂಡ ಸಿಯಾ ಕೊಲಿಸಿ ಓಪನ್‌ಸೈಡ್ (ಅಗಲ ಜಾಗದ ಕಡೆಯವನು). ಇಲ್ಲಿ ಅದು ಉಲ್ಟಾ. ಡು ಟಾಯ್ಟ್‌ನನ್ನು ಐರ್ಲೆಂಡ್‌ನ ಜೋಶ್ ವಾನ್ ಡರ್ ಫ್ಲಿಯರ್ ಪಕ್ಕ ನಿಲ್ಲಿಸಿ ಯಾರು ಮೇಲು ಅಂತ ಗಂಟೆಗಟ್ಟಲೆ ಕೂಗಾಡಿದ್ದೇವೆ. ಇಬ್ಬರೂ ಮಾಡೋದು ಬೇರೆ ಬೇರೆ ಕೆಲಸ!

ಮೂರನೆಯದೇ ಮುಖ್ಯ. ಒಂದೊಂದು ಜಾಗಕ್ಕೆ ಒಂದೇ ಒಂದು ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಅವನು ಏನು ಮಾಡಿದ ಅನ್ನೋದಕ್ಕಿಂತ ಅವನು ಮಾಡಿದ ಮೇಲಿನ ಮೂರು ಫೇಸ್‌ನಲ್ಲಿ ಏನಾಯಿತು ಅಂತ ನೋಡೋದು. ಲೂಸ್‌ಹೆಡ್‌ಗೆ (ಸ್ಕ್ರಮ್ ಮುಂದಿನ ಸಾಲಿನ ಎಡಗಡೆಯವನು), ತನ್ನ ಕಡೆಯ ಸ್ಕ್ರಮ್ ಮುಂದೆ ಹೋಯಿತಾ. ಲಾಕ್‌ಗೆ (ಎರಡನೇ ಸಾಲಿನವನು), ಎದುರಾಳಿಯ ಲೈನ್‌ಔಟ್ (ಹೊರಹೋದ ಚೆಂಡನ್ನು ಒಳಗೆಸೆಯೋದು) ಅಥವಾ ಮಾಲ್ (ಚೆಂಡು ಹಿಡಿದು ನಿಂತವನ ಸುತ್ತ ಸೇರಿ ತಳ್ಳೋದು) ಕೆಟ್ಟಿತಾ. ಐರ್ಲೆಂಡ್‌ನ ಟಾಡ್ಗ್ ಬೀರ್ನ್ ಇದರಲ್ಲಿ ಉಳಿದವರಿಗಿಂತ ಎಷ್ಟೋ ಮುಂದೆ, ಲೈನ್‌ಔಟ್ ಕದಿಯೋದು ಬಿಟ್ಟು ರಕ್‌ನಲ್ಲೂ (ನೆಲಕ್ಕೆ ಬಿದ್ದ ಚೆಂಡಿನ ಮೇಲಿನ ತಳ್ಳಾಟ) ಕೈ ಹಾಕ್ತಾನಲ್ಲ. ಫುಲ್‌ಬ್ಯಾಕ್ ಪ್ರಶ್ನೆ ಏನು ಅಂತ ಇಲ್ಲಿ ಹೇಳಲ್ಲ. ಅದಕ್ಕೆ ಎರಡು ತಿಂಗಳು ಒದ್ದಾಡಿದ್ದೇನೆ, ಮುಂದಿನ ವರ್ಷವೂ ಬಾಜಿ ಇದೆ. ನ್ಯೂಜಿಲೆಂಡ್‌ನ ವಿಲ್ ಜೋರ್ಡನ್ ಅದರಲ್ಲಿ ಸಲೀಸಾಗಿ ಗೆದ್ದ ಅಂತ ಮಾತ್ರ ಹೇಳಬಹುದು.

ಔಟ್‌ಸೈಡ್ ಸೆಂಟರ್ (ಇಬ್ಬರು ಸೆಂಟರ್‌ಗಳಲ್ಲಿ ಹೊರಗಿನವನು) ಪ್ರಶ್ನೆ ಸಿಕ್ಕಿದ್ದು ಮನೆಯವಳಿಂದ. ಅವಳಿಗೆ ಗೊತ್ತಿರೋದು ಕ್ರಿಕೆಟ್ ಮಾತ್ರ, ರಗ್ಬಿ ಅಂದರೆ ಆಗಲ್ಲ. ಅದಕ್ಕೇ ಅವಳನ್ನು ಕೂರಿಸಿದೆ. ಚೆಂಡು ಮರೆತುಬಿಡು, ಹತ್ತು ನಿಮಿಷ ಇವನೊಬ್ಬನನ್ನೇ ನೋಡು ಅಂತ ಜೆಸ್ಸಿ ಕ್ರೀಲ್‌ನನ್ನು ತೋರಿಸಿದೆ. ಕೇಪ್‌ಟೌನ್ ಪಂದ್ಯ ಅದು, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ನ್ಯೂಜಿಲೆಂಡನ್ನು 18-12ರಿಂದ ಸೋಲಿಸಿದ್ದು. ನ್ಯೂಜಿಲೆಂಡ್‌ನ ಹನ್ನೆರಡೂ ಅಂಕ ಪೆನಾಲ್ಟಿಯಲ್ಲೇ ಬಂದದ್ದು, ಒಂದೂ ಟ್ರೈ ಇಲ್ಲ. ಸ್ವಲ್ಪ ಹೊತ್ತು ನೋಡಿ ಅಂದಳು, "ರೀ, ಇವನು ಏನೂ ಮಾಡ್ತಾನೇ ಇಲ್ಲ. ಆದ್ರೆ ಇವನಿರೋ ಕಡೆ ಯಾರೂ ಬರ್ತಾನೂ ಇಲ್ವಲ್ಲ?" ಅಷ್ಟೇ ಬೇಕಿತ್ತು. ಜೆರ್ರಿ ಫ್ಲಾನರಿ ಆ ವರ್ಷ ದಕ್ಷಿಣ ಆಫ್ರಿಕಾದ ಡಿಫೆನ್ಸ್ ನೋಡಿಕೊಳ್ಳೋಕೆ ಬಂದಿದ್ದ, ಕ್ರೀಲ್ ಅದರಲ್ಲಿ ಹೊರಗಿನಿಂದ ನುಗ್ಗಿ ಬರ್ತಾನೆ. ನುಗ್ಗಿದಾಗ ಟ್ಯಾಕಲ್ ತಪ್ಪಿದರೆ ಅಂಕಿ ಪಟ್ಟಿಯಲ್ಲಿ ಅದು ತಪ್ಪಿದ ಟ್ಯಾಕಲ್. ಆದರೆ ಎದುರಾಳಿ ಹೆದರಿ ಚೆಂಡನ್ನು ಒಳಗೆ ತಿರುಗಿಸಿದ್ದರೆ ಅವನ ಕೆಲಸ ಆಯಿತು. ಹಾಗಾಗಿ ಪ್ರಶ್ನೆ: ಚೆಂಡು ಅವನ ಹೊರಗೆ ದಾಟಿತಾ? ಈ ಪ್ರಶ್ನೆ ಹಾಕಿದ ಮೇಲೆ ಕ್ರೀಲ್ ಹತ್ತಿರ ಯಾರೂ ಬರಲಿಲ್ಲ.

ಮಾರ್ಸೇ ಪಂದ್ಯವನ್ನೂ ಅವಳಿಗೆ ತೋರಿಸಿದೆ, ಫೆಬ್ರವರಿಯಲ್ಲಿ ಐರ್ಲೆಂಡ್ ಫ್ರಾನ್ಸನ್ನು 38-17ರಿಂದ ಹೊಡೆದದ್ದು. ಐರ್ಲೆಂಡ್‌ನ ಸ್ಕ್ರಮ್ ಹಾಫ್ ಜೇಮಿಸನ್ ಗಿಬ್ಸನ್-ಪಾರ್ಕ್ ಬಗ್ಗೆ ಅಂದದ್ದು, "ಇವನು ಬಾಲ್ ಬರೋಕೆ ಮುಂಚೆನೇ ಅಲ್ಲಿರ್ತಾನೆ." ಬಾಯಿ ಮುಚ್ಚಿಕೊಂಡು ಬರೆದುಕೊಂಡೆ. ಮೂರನೇ ಪಂದ್ಯಕ್ಕೆ ಕರೆದಾಗ ಪಾತ್ರೆ ಯಾರು ತೊಳೆಯೋದು ಅಂದಳು, ಆ ಪ್ರಯೋಗ ಅಲ್ಲಿಗೇ ನಿಂತಿತು.

ಇನ್ನೊಂದು ಪ್ರಯೋಗ, ಕಾಮೆಂಟರಿ ಬಂದ್ ಮಾಡಿ ನೋಡೋದು. ಸುಮ್ನೆ ಮಾಡಿದ್ದು, ಆದರೆ ಬಿಡಲಾಗಲಿಲ್ಲ. ಕಾಮೆಂಟೇಟರ್ ಹತ್ತು ಸಲ ಹೆಸರು ಕೂಗಿದವನೇ ನಮಗೆ ಚೆನ್ನಾಗಿ ಆಡಿದ ಹಾಗೆ ಕಾಣುತ್ತಾನೆ. ಶಬ್ದ ಇಲ್ಲದೆ ನೋಡಿದಾಗ ನನ್ನ ಗುರುತುಗಳಲ್ಲಿ ಐದಕ್ಕೊಂದು ಬದಲಾಯಿತು ಅಂತ ನೆನಪು. ಸ್ಕ್ರಮ್ ಮಾತ್ರ ಶಬ್ದ ಇಲ್ಲದೆ ಗೊತ್ತಾಗಲ್ಲ, ರೆಫರಿ ಮೈಕ್ ಬೇಕೇ ಬೇಕು.

ದುಡ್ಡಿನ ವಿಷಯ. 2024ರಲ್ಲಿ ಸಿಕ್ಸ್ ನೇಷನ್ಸ್ ಇಲ್ಲಿ ಟಿವಿಯಲ್ಲಿ ಪುಕ್ಕಟೆ ಇತ್ತು. ರಗ್ಬಿ ಚಾಂಪಿಯನ್‌ಶಿಪ್‌ಗೆ (ದಕ್ಷಿಣ ಗೋಳಾರ್ಧದ ನಾಲ್ಕು ದೇಶಗಳ ಪಂದ್ಯಾವಳಿ), ನವೆಂಬರ್ ಟೆಸ್ಟ್‌ಗಳಿಗೆ ಬೇರೆ ಬೇರೆ ಚಂದಾ ಇತ್ತು. ತಿಂಗಳಿಗೆ ಮೂವತ್ತು ಯೂರೋ ಆಸುಪಾಸು ಬೀಳುತ್ತಿತ್ತು. ಒಂದು ತಿಂಗಳು ತಗೊಂಡು ಎಲ್ಲ ಮರುಪ್ರಸಾರ ನೋಡಿ ಬಿಟ್ಟುಬಿಡೋದು ನನ್ನ ಪದ್ಧತಿ. ಒಟ್ಟು ಇನ್ನೂರು, ಇನ್ನೂರೈವತ್ತು ಯೂರೋ ಆಗಿರಬಹುದು, ಹಿಂದಿನ ವರ್ಷದ ಆ ಎಂಬತ್ತನ್ನು ಬಿಟ್ಟು.

ಈಗ ಹೆಸರು ಮುಚ್ಚಿದ್ದು. ಒಂದೊಂದು ಜಾಗಕ್ಕೆ ಮೂವರು, ಆದರೆ ಹೆಸರಿನ ಬದಲು ನಮ್ಮ ರೈಲ್ವೆ ಸ್ಟೇಷನ್‌ಗಳು. ತಿಪಟೂರು, ಅರಸೀಕೆರೆ, ಕಡೂರು, ಬೀರೂರು. ಐರಿಷ್ ಬಾಯಲ್ಲಿ ಅರಸೀಕೆರೆ ಕೇಳಬೇಕು ನೀವು. ಹಾಳೆಯಲ್ಲಿ ಪಂದ್ಯಗಳ ಸಂಖ್ಯೆ, ಎಷ್ಟು ಹೌದು, ಎಷ್ಟು ಇಲ್ಲ, ಇಷ್ಟೇ. ದೇಶ ಇಲ್ಲ, ಟ್ರೈ ಇಲ್ಲ. ಟ್ರೈ ಬರೆದರೆ ಯಾರು ಅಂತ ತಕ್ಷಣ ಗೊತ್ತಾಗಿಬಿಡುತ್ತದೆ. ಎಲ್ಲರೂ ಕೈ ಎತ್ತಿದ ಮೇಲೆ ಚೀಟಿ ಬಿಚ್ಚಬೇಕು, ಬಿಚ್ಚಿದ ಮೇಲೆ ಮಾತಿಲ್ಲ.

ಇನ್‌ಸೈಡ್ ಸೆಂಟರ್ ಬಂದಾಗ ದಕ್ಷಿಣ ಆಫ್ರಿಕಾದವರಿಬ್ಬರೂ ಬೀರೂರಿಗೆ ಕೈ ಎತ್ತಿದರು, ಇದು ನಮ್ಮ ಡಮಿಯಾನ್ ಡಿ ಅಲೆಂಡೆಯೇ ಅನ್ನೋ ಧೈರ್ಯದಲ್ಲಿ. ಬೀರೂರು ಅಂದರೆ ಐರ್ಲೆಂಡ್‌ನ ಬಂಡಿ ಆಕಿ. ಐರಿಷ್‌ನವರು ಮೇಜು ಬಡಿದರು. ಮುಂದಿನದೇ ಲೂಸ್‌ಹೆಡ್, ಅಲ್ಲಿ ಐರಿಷ್‌ನವರು ಒಟ್ಟಾಗಿ ಆರಿಸಿದ್ದು ಎನ್‌ಚೆಯನ್ನು. ಲೆಕ್ಕ ಸರಿಹೋಯಿತು. ಸ್ಕ್ರಮ್ ಹಾಫ್‌ನಲ್ಲಿ ಅರಸೀಕೆರೆ ಗಿಬ್ಸನ್-ಪಾರ್ಕ್ ಆಗಿದ್ದ, ಡ್ಯುಪಾಂಟ್ ಬೇಕು ಅಂತಿದ್ದ ಫ್ರೆಂಚ್ ಗೆಳೆಯನೇ ಅದಕ್ಕೆ ಕೈ ಎತ್ತಿದ್ದ.

ಫ್ಲೈ ಹಾಫ್ (ಆಟ ನಡೆಸುವ ಹತ್ತನೇ ನಂಬರಿನವನು) ಮಾತ್ರ ತಲೆನೋವು. 2024ರಲ್ಲಿ ಆ ಜಾಗದಲ್ಲಿ ಯಾರೂ ಗಟ್ಟಿಯಾಗಿ ನಿಲ್ಲಲಿಲ್ಲ. ಜಾನಿ ಸೆಕ್ಸ್‌ಟನ್ ನಿವೃತ್ತನಾದ ಮೇಲೆ ಐರ್ಲೆಂಡ್ ಜ್ಯಾಕ್ ಕ್ರೌಲಿ ಮೇಲೆ ಭಾರ ಹಾಕಿ, ನವೆಂಬರ್‌ನಲ್ಲಿ ಸ್ಯಾಮ್ ಪ್ರೆಂಡರ್‌ಗಾಸ್ಟ್ ಕಡೆ ತಿರುಗಿತು. ದಕ್ಷಿಣ ಆಫ್ರಿಕಾ ಪೊಲಾರ್ಡ್, ಲಿಬ್ಬಾಕ್, ಫೈನ್‌ಬರ್ಗ್-ಮ್ನ್ಗೊಮೆಜುಲು ಮೂವರನ್ನೂ ತಿರುಗಿಸಿತು. ನ್ಯೂಜಿಲೆಂಡ್ ಡಮಿಯನ್ ಮೆಕೆನ್ಜಿಯನ್ನು ಬಿಟ್ಟು ಬ್ಯಾರೆಟ್‌ಗೆ ಹೋಗಿ ಮತ್ತೆ ಡಬ್ಲಿನ್‌ನಲ್ಲಿ ಮೆಕೆನ್ಜಿಗೇ ಬಂತು, ಅವನು ಆರು ಪೆನಾಲ್ಟಿ ಹಾಕಿ 23-13 ಮಾಡಿ ನಮ್ಮ ಊರಿನ ವಾರಾಂತ್ಯ ಹಾಳು ಮಾಡಿದ. ನಮ್ಮ ಹಾಳೆಯಲ್ಲಿ ಗೆದ್ದದ್ದು ರಾಮೋಸ್, ವರ್ಷದ ಶುರುವಿನಲ್ಲಿ ಫುಲ್‌ಬ್ಯಾಕ್ ಆಡಿದವನು. ಲಿಯಾನ್‌ನಲ್ಲಿ ಇಂಗ್ಲೆಂಡ್ ಮೇಲೆ ಕೊನೆ ಗಳಿಗೆಯಲ್ಲಿ ದೂರದಿಂದ ಹೊಡೆದು 33-31 ಮಾಡಿದ್ದು, ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡ್ ಮೇಲಿನ 30-29, ಎರಡೂ ಹತ್ತನೇ ನಂಬರ್‌ನಲ್ಲೇ.

ನವೆಂಬರ್ 24ಕ್ಕೆ ಮೊನಾಕೋದಲ್ಲಿ ಅಧಿಕೃತ ಪಟ್ಟಿ ಬಂತು. ನಮ್ಮದರಲ್ಲಿ ಹನ್ನೆರಡು ಹೆಸರು ಸೇರಿದವು. ಬೇರೆಯಾದದ್ದು ಮೂರು ಕಡೆ. ಹತ್ತಕ್ಕೆ ಅವರು ಮೆಕೆನ್ಜಿ ಅಂದರು, ಹನ್ನೆರಡಕ್ಕೆ (ಇನ್‌ಸೈಡ್ ಸೆಂಟರ್) ಡಿ ಅಲೆಂಡೆ, ಆರಕ್ಕೆ ಪಾಬ್ಲೊ ಮಟೇರಾ. ಆರಕ್ಕೆ ನಮ್ಮವನೂ ಅರ್ಜೆಂಟೀನಾದವನೇ, ಹ್ವಾನ್ ಮಾರ್ಟಿನ್ ಗೊನ್ಸಾಲೆಸ್. ನಾನು ಈಗಲೂ ನಮ್ಮದೇ ಸರಿ ಅಂತೀನಿ. ಒಂದು ವಿಷಯ ನೋಡಿ, ಅಧಿಕೃತ ಪಟ್ಟಿಯಲ್ಲಿ ಈ ಸಲ ಸ್ಪ್ರಿಂಗ್‌ಬಾಕ್‌ಗಳು ಏಳು ಜನ. ಹಿಂದಿನ ವರ್ಷ ಒಬ್ಬ. ಹೆಚ್ಚುಕಮ್ಮಿ ಅದೇ ಆಟಗಾರರು, ಅದೇ ಬೆಂಚ್. ಒಂದೇ ವರ್ಷದಲ್ಲಿ ಅವರು ಏಳು ಪಟ್ಟು ಒಳ್ಳೆಯವರಾದರು ಅಂತ ಯಾರಾದರೂ ನಂಬ್ತಾರಾ?

ಇದೇ ಹಾಳೆಯನ್ನು ಹೆಂಗಸರ ರಗ್ಬಿಗೂ ಹಾಕಿ ನೋಡಿದೆ. ಕಷ್ಟದ ಪಂದ್ಯದ ಜರಡಿ ಹಾಕಿದರೆ ಇಂಗ್ಲೆಂಡಿಗೆ ಉಳಿಯೋದೇ ಕೆಲವು ಪಂದ್ಯ, ಅಷ್ಟು ದೂರ ಓಡಿಬಿಟ್ಟಿದ್ದಾರೆ ಅವರು. ಅವರ ಫುಲ್‌ಬ್ಯಾಕ್ ಎಲೀ ಕಿಲ್ಡನ್‌ಗೆ ಯಾವ ಪ್ರಶ್ನೆ ಹಾಕಿದರೂ ಹೌದು. ಆದರೆ ಮೇ ತಿಂಗಳಲ್ಲಿ ಕೆನಡಾ, ಸೆಪ್ಟೆಂಬರ್‌ನಲ್ಲಿ ಐರ್ಲೆಂಡ್, ಎರಡೂ ನ್ಯೂಜಿಲೆಂಡನ್ನು ಸೋಲಿಸಿದವಲ್ಲ, ಹಾಗಾಗಿ ಜರಡಿಯ ಕಣ್ಣು ಸ್ವಲ್ಪ ದೊಡ್ಡದು ಮಾಡಬೇಕು. ಅದು ಇನ್ನೂ ನಡೀತಾ ಇದೆ.

ಬಾಜಿ ಸೋತವರು ಊಟ ಕೊಡಿಸಿದರು, ಬಿಲ್ ನನ್ನ ವರ್ಷದ ಚಂದಾಕ್ಕಿಂತ ಜಾಸ್ತಿಯೇ ಆಯಿತು. ಬೆಂಕಿ ಇಡಿ ಅಂದ ಹುಡುಗ ಈಗ ಫೈಲ್ ಕೊಡಿ ಅಣ್ಣ ಅಂತ ಹಿಂದೆ ಬಿದ್ದಿದ್ದಾನೆ. ಕೊಡ್ತೀನಿ. ಕೊನೆಯ ಇಪ್ಪತ್ತು ನಿಮಿಷಕ್ಕೆ ಎಷ್ಟು ತೂಕ ಹಾಕಿದ್ದೇನೆ ಅನ್ನೋ ಕಾಲಮ್ ಅಳಿಸಿ.