ಮಡಿಲಲ್ಲೊಂದು, ಒಡಲಲ್ಲೊಂದು: ದೊಡ್ಡ ಮಗುವನ್ನು ಅಣಿ ಮಾಡುವುದು ಹೇಗೆ?

ಎರಡನೇ ಬಸಿರು ಖಚಿತವಾದ ಕೂಡಲೇ ಮನೆಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ಅಟ್ಟದ ಮೇಲಿನ ಹಳೇ ತೊಟ್ಟಿಲು ಕೆಳಗಿಳಿಯುತ್ತದೆ. ಎರಡು ವರ್ಷದ ಮಗುವನ್ನು ಕಂಡಕಂಡವರೆಲ್ಲ ‘ನಿಂಗೆ ತಮ್ಮ ಬೇಕಾ, ತಂಗಿ ಬೇಕಾ?’ ಎಂದು ಕೇಳತೊಡಗುತ್ತಾರೆ. ಈ ಎರಡಕ್ಕೂ ಅವಸರವಿಲ್ಲ. ಅವಸರವಿರುವುದು ಬೇರೆಯದಕ್ಕೆ. ಮಲಗಿಸುವುದು, ಉಣಿಸುವುದು, ನಡುರಾತ್ರಿ ಎದ್ದಾಗ ತಟ್ಟುವುದು ಇವೆಲ್ಲ ಅಮ್ಮನ ಕೈಯಿಂದ ಇನ್ನೊಬ್ಬರ ಕೈಗೆ ದಾಟಬೇಕು. ಬಹಳಷ್ಟು ಮನೆಗಳಲ್ಲಿ ಇದು ಆಗುವುದು ಹೆರಿಗೆ ನೋವು ಬಂದ ರಾತ್ರಿಯೇ. ಆಗ ಮಗುವಿನ ಪಾಲಿಗೆ ಅಮ್ಮ ಕಾಣೆಯಾದದ್ದೂ ಪಾಪು ಬಂದದ್ದೂ ಒಂದೇ ಸಂಗತಿ. ಆಮೇಲೆ ತಿಂಗಳುಗಟ್ಟಲೆ ನಡೆಯುವ ರಚ್ಚೆಗೆ ‘ಹೊಟ್ಟೆಕಿಚ್ಚು’ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ.

ಕೆಳಗಿನದೆಲ್ಲ ಒಂದೂವರೆಯಿಂದ ಮೂರು ವರ್ಷದ ಮಗು ಇರುವವರಿಗೆ. ನಾಲ್ಕು ದಾಟಿದ ಮಗುವಿನ ಲೆಕ್ಕ ಬೇರೆ.

ಹೆಜ್ಜೆ 1: ಮಾತ್ರೆ ಮೇಲಕ್ಕೆ, ಚಮಚ ಬೇರೆ

ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಎಷ್ಟೋ ಸಲ ಕೆಂಪಗೆ, ನುಣ್ಣಗೆ ಇರುತ್ತದೆ. ಮಗುವಿನ ಕಣ್ಣಿಗೆ ಅದು ಪೆಪ್ಪರ್‌ಮಿಂಟು. 60 ಮಿಲಿಗ್ರಾಂ ಕಬ್ಬಿಣಾಂಶವಿರುವ ನಾಲ್ಕು ಮಾತ್ರೆ 12 ಕೆ.ಜಿ. ತೂಕದ ಮಗುವಿನ ಹೊಟ್ಟೆಗೆ ಹೋದರೆ ವಿಷದ ಲಕ್ಷಣ ಶುರುವಾಗಬಹುದು, ಹನ್ನೆರಡಾದರೆ ಜೀವಕ್ಕೇ ಅಪಾಯ. ಇದರಲ್ಲೊಂದು ಮೋಸವಿದೆ. ಮೊದಲ ಕೆಲವು ಗಂಟೆ ವಾಂತಿ, ಭೇದಿ ಆಗಿ ಆಮೇಲೆ ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಹಾಗಾಗಿ ನುಂಗಿದ್ದು ಎಷ್ಟು ಎಂದು ಎಣಿಸುತ್ತ ಕೂರಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ; ಮಾತ್ರೆಯ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ. ಮಾತ್ರೆ ಇಡುವ ಜಾಗ ಹಾಸಿಗೆ ಪಕ್ಕದ ಮೇಜಲ್ಲ, ವ್ಯಾನಿಟಿ ಬ್ಯಾಗೂ ಅಲ್ಲ. ಬೀಗವಿರುವ ಮೇಲಿನ ಕಪಾಟು.

ಎರಡನೆಯದು ಎಂಜಲು. ಸೈಟೊಮೆಗಲೊವೈರಸ್ ಎಂಬ ಸೋಂಕು ಪುಟ್ಟ ಮಕ್ಕಳ ಜೊಲ್ಲು ಮತ್ತು ಮೂತ್ರದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಆ ಮಗುವಿಗೆ ಏನೂ ಆಗಿರುವುದಿಲ್ಲ. ಬಸುರಿಗೆ ತಗುಲಿದರೆ ಹೊಟ್ಟೆಯೊಳಗಿನ ಮಗುವಿನ ಕಿವಿ ಕೇಳದಂತಾಗುವ ಸಾಧ್ಯತೆಯಿದೆ. ಪರಿಹಾರ ಸರಳ, ಪಾಲಿಸುವುದು ಕಷ್ಟ: ಮಗು ತಟ್ಟೆಯಲ್ಲಿ ಬಿಟ್ಟದ್ದನ್ನು ತಿನ್ನಬೇಡಿ, ಅದೇ ಚಮಚದಲ್ಲಿ ಬಿಸಿ ನೋಡಬೇಡಿ, ತುಟಿಯ ಬದಲು ಹಣೆಗೆ ಮುತ್ತು ಕೊಡಿ, ಡಯಪರ್ ಬದಲಿಸಿದ ಮೇಲೆ, ಮೂಗು ಒರೆಸಿದ ಮೇಲೆ 20 ಸೆಕೆಂಡು ಸೋಪಿನಲ್ಲಿ ಕೈ ತೊಳೆಯಿರಿ. ‘ಮೊದಲ ಮಗು ನನ್ನದೇ ತಾನೇ, ಅದರ ಎಂಜಲಿಗೇನು’ ಎನ್ನುವವರೇ ಇಲ್ಲಿ ಎಡವುವುದು. ಮೊದಲ ಬಸಿರಿನಲ್ಲಿ ಮನೆಯಲ್ಲಿ ಪುಟ್ಟ ಮಗು ಇರಲಿಲ್ಲ, ಈಗ ಇದೆ. ವ್ಯತ್ಯಾಸ ಅಷ್ಟೇ.

ಹೆಜ್ಜೆ 2: ಎತ್ತುವುದನ್ನು ಕಡಿಮೆ ಮಾಡಿ, ನಿಲ್ಲಿಸಬೇಡಿ

ರಕ್ತಸ್ರಾವ, ಕೆಳಗಿರುವ ಮಾಸು (ಪ್ಲಾಸೆಂಟಾ), ಅವಧಿಗೆ ಮುನ್ನ ನೋವು ಬಂದ ಇತಿಹಾಸ ಇದ್ದವರಿಗೆ ವೈದ್ಯರ ಮಾತೇ ಅಂತಿಮ. ಉಳಿದವರು ಎತ್ತಬಹುದು. ಬಗ್ಗಿ ಎತ್ತಬೇಡಿ, ಕುಕ್ಕರಗಾಲಲ್ಲಿ ಕೂತು, ಮಗುವನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತ ಎದ್ದೇಳಿ. ಅದಕ್ಕಿಂತ ಒಳ್ಳೆಯದು ಮಗುವೇ ಹತ್ತಿ ಬರುವುದು. ಜಾರದ ಎರಡು ಮೆಟ್ಟಿಲಿನ ಪುಟ್ಟ ಸ್ಟೂಲು ಒಂದನ್ನು ಮಂಚದ ಬಳಿ, ಇನ್ನೊಂದನ್ನು ಬಚ್ಚಲಲ್ಲಿ ಇಡಿ. ಈ ಎರಡು ಸ್ಟೂಲು ಇಡೀ ಪಟ್ಟಿಯಲ್ಲಿ ಅತ್ಯಂತ ಉಪಯೋಗದ ಖರೀದಿ. ಸಿಸೇರಿಯನ್ ಆದರೆ ಸುಮಾರು ಆರು ವಾರ ಹೊಸ ಕೂಸಿಗಿಂತ ಭಾರವಾದದ್ದನ್ನು ಎತ್ತುವಂತಿಲ್ಲ. ಅಷ್ಟರಲ್ಲಿ ಹತ್ತುವುದು ರೂಢಿಯಾಗಿದ್ದರೆ ‘ಅಮ್ಮ ಎತ್ಕೊಳ್ಳಲ್ಲ’ ಎಂಬ ಗಲಾಟೆಯೇ ಹುಟ್ಟುವುದಿಲ್ಲ.

ಹೆಜ್ಜೆ 3: ಮಲಗಿಸುವ ಕೈ ಬದಲಿಸುವುದು

ಹೆಚ್ಚಿನವರು ಕೆಡಿಸಿಕೊಳ್ಳುವುದು ಇದನ್ನೇ, ಆದ್ದರಿಂದ ನಿಧಾನವಾಗಿ ಓದಿ.

ಮೊದಲು ಯಾರಿಗೆ ಎಂದು ತೀರ್ಮಾನಿಸಿ. ‘ಅಪ್ಪ ಇದ್ದಾರಲ್ಲ’ ಎನ್ನುವುದು ಸಾಮಾನ್ಯ ಉತ್ತರ. ಆದರೆ ನೋವು ಬಂದ ರಾತ್ರಿ ಅಪ್ಪ ಇರುವುದು ಆಸ್ಪತ್ರೆಯಲ್ಲಿ. ಮಗುವಿನ ಪಕ್ಕ ಇರುವವರು ಅಜ್ಜಿಯೋ ಚಿಕ್ಕಮ್ಮನೋ ಪಕ್ಕದ ಮನೆಯವರೋ. ಹಾಗಾಗಿ ಕಲಿಯಬೇಕಾದ ಕೈಗಳು ಎರಡು: ಅಪ್ಪನದು ಮುಂದಿನ ತಿಂಗಳುಗಳಿಗೆ, ಆ ಇನ್ನೊಬ್ಬರದು ಆ ಒಂದೆರಡು ರಾತ್ರಿಗೆ.

ಸಮಯ: 20ನೇ ವಾರದ ಹೊತ್ತಿಗೆ ಶುರು, 32ನೇ ವಾರದೊಳಗೆ ಮುಗಿತಾಯ. ಮೊದಲ ಮೂರು ತಿಂಗಳ ವಾಂತಿ, ಸುಸ್ತು ಇಳಿದಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಮೂರ್ನಾಲ್ಕು ವಾರದ ಕೆಲಸ ಇದು. ಆದರೆ ನಡುವೆ ಮಗುವಿಗೆ ಒಂದು ಜ್ವರ ಬಂದರೂ ಮತ್ತೆ ಮೊದಲಿನಿಂದ ಶುರು, ಅದಕ್ಕೇ ಅಷ್ಟು ಬಿಡುವು ಇಟ್ಟುಕೊಳ್ಳುವುದು.

ಕೈ ಬದಲಿಸುವ ಮೊದಲು ಈಗಿನ ಕ್ರಮವನ್ನು ಒಂದು ಹಾಳೆಯಲ್ಲಿ ಬರೆಯಿರಿ. ‘ಹಲ್ಲುಜ್ಜಿ, ಕತೆ ಹೇಳಿ ಮಲಗಿಸುವುದು’ ಎಂದಲ್ಲ. ನೀರು ಯಾವ ಲೋಟದಲ್ಲಿ, ಲೈಟು ಯಾರು ಆರಿಸಬೇಕು, ಹೊದಿಕೆ ಎಲ್ಲಿವರೆಗೆ, ಕಿವಿ ಹಿಡಿದುಕೊಂಡೇ ನಿದ್ದೆ ಹೋಗುತ್ತದೋ ಬೆರಳು ಹಿಡಿದೋ, ಕೊನೆಗೆ ಹೇಳುವ ಮಾತು ಯಾವುದು. ಅಮ್ಮನಿಗೆ ಇದು ಕೈಗೆ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. ಮಗು ಗಂಟೆಗಟ್ಟಲೆ ಅತ್ತದ್ದು ಅಮ್ಮನಿಗಾಗಿಯೋ ನೀಲಿ ಲೋಟಕ್ಕಾಗಿಯೋ ಎನ್ನುವುದು ಹೊಸಬರಿಗೆ ತಿಳಿಯುವುದು ಈ ಹಾಳೆಯಿಂದ.

ಮೊದಲ ವಾರ ಅಮ್ಮನೇ ಎಲ್ಲ ಮಾಡಲಿ, ಹೊಸಬರು ಕೋಣೆಯಲ್ಲಿ ಕೂತು ಒಂದೇ ಒಂದು ಕೆಲಸ ವಹಿಸಿಕೊಳ್ಳಲಿ. ಹಲ್ಲುಜ್ಜಿಸುವುದು ಸಾಕು. ಎರಡನೇ ವಾರ ಅದಲು ಬದಲು: ಹೊಸಬರು ಎಲ್ಲವನ್ನೂ ಮಾಡಲಿ, ಅಮ್ಮ ಕುರ್ಚಿಯಲ್ಲಿ ಸುಮ್ಮನೆ ಕೂತಿರಲಿ, ಕರೆದರೆ ‘ಇಲ್ಲೇ ಇದೀನಿ’ ಎನ್ನಲಿ, ಎದ್ದು ಹೋಗಿ ತಟ್ಟಬಾರದು. ಮೂರನೇ ವಾರ ಅಮ್ಮ ಕತೆಯ ತನಕ ಇದ್ದು, ‘ನಾನು ಹೊರಗೆ ಹೋಗಿ ಬರ್ತೀನಿ, ನೀನು ಎದ್ದಾಗ ಇರ್ತೀನಿ’ ಎಂದು ಹೇಳಿಯೇ ಹೊರಡಲಿ. ಕಣ್ಣು ತಪ್ಪಿಸಿ ಜಾರಿಕೊಳ್ಳುವ ಉಪಾಯ ಬೇಡ. ಒಂದು ಸಲ ಹಾಗೆ ಮಾಡಿದರೆ ಮರುದಿನದಿಂದ ಮಗು ಬಚ್ಚಲಿಗೆ ಹೋಗಲೂ ಬಿಡುವುದಿಲ್ಲ.

ಮೂರನೇ ವಾರದ ಮೂರ್ನಾಲ್ಕು ರಾತ್ರಿ ಅಳು ಇದ್ದೇ ಇರುತ್ತದೆ. ಹೊಸಬರು ಪಕ್ಕ ಬಿಟ್ಟು ಏಳಬಾರದು, ಎತ್ತಿಕೊಳ್ಳಲಿ, ಓಡಾಡಿಸಲಿ, ಆದರೆ ಮಲಗಿಸುವವರು ತಾವೇ ಆಗಿರಬೇಕು. ನಲವತ್ತು ನಿಮಿಷ ಅಳಿಸಿ, ಮನಸ್ಸು ತಡೆಯದೆ ಅಮ್ಮ ಒಳಗೆ ಬರುವುದು ಈ ಹೆಜ್ಜೆಯ ಅತಿ ದೊಡ್ಡ ತಪ್ಪು. ಮಗು ಅದರಿಂದ ಕಲಿಯುವುದು ನಲವತ್ತು ನಿಮಿಷ ಅತ್ತರೆ ಅಮ್ಮ ಬರುತ್ತಾಳೆ ಎಂದು. ಮರುದಿನ ನಲವತ್ತೈದು ಅಳುತ್ತದೆ. ತಡೆಯಲಾಗದು ಅನ್ನಿಸುವವರು ಮೊದಲ ಐದು ನಿಮಿಷದಲ್ಲೇ ಬಂದು ಎರಡನೇ ವಾರದ ಕ್ರಮಕ್ಕೆ ಮರಳಲಿ, ಅದು ಸೋಲಲ್ಲ. ಇನ್ನೊಂದು ವಿಷಯ: ಪಕ್ಕದ ಕೋಣೆಯಲ್ಲಿ ಅಮ್ಮನ ಕೆಮ್ಮು ಕೇಳಿದರೂ ಕೆಲಸ ಕೆಡುತ್ತದೆ. ನಿಜವಾಗಿಯೂ ಮನೆಯಿಂದ ಹೊರಗೆ ಹೋಗಿ, ನಡೆದಾಡಿ ಬನ್ನಿ.

ಮಲಗುವುದು ಸಲೀಸಾಗಿ ಒಂದು ವಾರ ಕಳೆದ ಮೇಲೆ ನಡುರಾತ್ರಿಯ ಎಚ್ಚರಕ್ಕೂ ಹೊಸಬರೇ ಮೊದಲು ಹೋಗಲಿ. ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಕೊನೆಯದಾಗಿ 34ನೇ ವಾರದೊಳಗೆ ಅಮ್ಮ, ಅಪ್ಪ ಇಬ್ಬರೂ ಇಲ್ಲದ ಒಂದು ಇಡೀ ರಾತ್ರಿ ಪರೀಕ್ಷೆ ಮಾಡಿ. ಆ ಮೂರನೆಯವರೊಬ್ಬರೇ ಇರಲಿ. ಬಿಟ್ಟುಹೋದದ್ದು ಏನೆಂದು ಅವತ್ತೇ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಕಾರ್ಟೂನು ಹಾಕಿ ಮಲಗಿಸುವ ಅಡ್ಡದಾರಿ ಮೊದಲ ರಾತ್ರಿ ಚೆನ್ನಾಗಿಯೇ ನಡೆಯುತ್ತದೆ. ಹತ್ತನೇ ರಾತ್ರಿ ಬಿಡಿಸಬೇಕಾದವು ಎರಡಾಗಿರುತ್ತವೆ. ಹಾಗೆಯೇ ಆಸ್ಪತ್ರೆಯಿಂದ ಮಲಗುವ ಹೊತ್ತಿಗೆ ವಿಡಿಯೊ ಕಾಲ್ ಬೇಡ. ಆಟವಾಡಿಕೊಂಡಿದ್ದ ಮಗುವೂ ಪರದೆಯಲ್ಲಿ ಅಮ್ಮನ ಮುಖ ಕಂಡು ಅಳಲು ಶುರು ಮಾಡುತ್ತದೆ. ಬೇಕಿದ್ದರೆ ಬೆಳಗ್ಗೆ ಮಾಡಿ.

ಹೆಜ್ಜೆ 4: ಹಾಲು, ಹಾಸಿಗೆ, ಪಾಟಿ (ಮಕ್ಕಳ ಶೌಚದ ಪೀಠ)

ಈ ಮೂರಕ್ಕೂ ನಿಯಮ ಒಂದೇ: ಹೆರಿಗೆಗೆ ಎರಡು ತಿಂಗಳು ಮೊದಲು ಮುಗಿದಿರಬೇಕು, ಇಲ್ಲವಾದರೆ ಹೆರಿಗೆಯಾಗಿ ಮೂರು ತಿಂಗಳಾಗುವ ತನಕ ಮುಟ್ಟಬಾರದು. ನಡುವಿನ ಐದು ತಿಂಗಳಲ್ಲಿ ಹೊಸದೇನೂ ಬೇಡ.

ಎದೆಹಾಲು ಇನ್ನೂ ನಡೆದಿದ್ದರೆ, ತೊಡಕಿಲ್ಲದ ಬಸಿರಿನಲ್ಲಿ ಸಾಮಾನ್ಯವಾಗಿ ಮುಂದುವರಿಸಬಹುದು. ಒಮ್ಮೆ ವೈದ್ಯರನ್ನು ಕೇಳಿಕೊಳ್ಳಿ. ನಾಲ್ಕೈದನೇ ತಿಂಗಳ ಹೊತ್ತಿಗೆ ಹಾಲು ಇಳಿದು ರುಚಿಯೂ ಬದಲಾಗುವುದರಿಂದ ಕೆಲವು ಮಕ್ಕಳು ತಾವೇ ಬಿಡುತ್ತವೆ. ಬಿಡಿಸುವುದಾದರೆ ದಿನದ ಒಂದೊಂದೇ ಸರದಿ ಕಡಿಮೆ ಮಾಡಿ, ನಡುವೆ ಐದಾರು ದಿನ ಬಿಡಿ, ಮಲಗುವಾಗಿನದು ಕೊನೆಗೆ ಹೋಗಲಿ. ಕಹಿ ಹಚ್ಚಿ ಹೆದರಿಸುವ ಪದ್ಧತಿ ಬೇಡ. ನಾಳೆ ಅದೇ ಎದೆಯಲ್ಲಿ ಪಾಪು ಸುಖವಾಗಿ ಕುಡಿಯುವುದನ್ನು ಈ ಮಗು ನೋಡಬೇಕಿದೆ.

ಕಟಕಟೆ ಇರುವ ತೊಟ್ಟಿಲಿನಿಂದ ಮಂಚಕ್ಕೆ ಬದಲಿಸುವ ಅಳತೆ ವಯಸ್ಸಲ್ಲ, ಎತ್ತರ. ಮಗು ಸುಮಾರು 89 ಸೆಂಟಿಮೀಟರ್ ಮುಟ್ಟಿದರೆ ಅಥವಾ ನಿಂತಾಗ ಕಟಕಟೆ ಎದೆಯ ಅರ್ಧಕ್ಕಿಂತ ಕೆಳಗಿದ್ದರೆ ಹಾರಿ ಬೀಳುವ ಅಪಾಯವಿದೆ, ಬದಲಿಸಿ. ಅಷ್ಟು ಬೆಳೆದಿಲ್ಲದಿದ್ದರೆ ಕೂಸಿಗೆ ಇನ್ನೊಂದು ತೊಟ್ಟಿಲು ನೋಡಿ. ಬದಲಿಸಿದ ಮೇಲೆ ಹಳೆಯದನ್ನು ಕೆಲವು ವಾರ ಕಣ್ಣಿಗೆ ಬೀಳದಂತೆ ಇಡಿ, ‘ಇದು ಪಾಪುಗೆ ಬೇಕು’ ಎನ್ನುವ ಮಾತು ಆಡಲೇಬೇಡಿ. ಮತ್ತೆ ಬಳಸುವ ಮುನ್ನ ಅಳೆಯಿರಿ: ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಕೂಡದು, ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಕೂಡದು. ಪಕ್ಕದ ಬಾಗಿಲು ಕೆಳಗೆ ಜಾರುವ ಮಾದರಿಯಾದರೆ ಎಸೆಯಿರಿ. ಅಮೆರಿಕದಲ್ಲಿ 2011ರಲ್ಲೇ ಅದರ ಮಾರಾಟ ನಿಂತಿದೆ. ಸುತ್ತ ಕಟ್ಟುವ ಮೆತ್ತನೆಯ ಬಂಪರ್ ಕೂಡ ಬೇಡ. ಉಸಿರು ಕಟ್ಟುವ ಅಪಾಯಕ್ಕೆ 2022ರಲ್ಲಿ ಅಲ್ಲಿ ಅದನ್ನೂ ನಿಷೇಧಿಸಿದರು. ಅಂಗಡಿಯವರು ಮಾತ್ರ ತೊಟ್ಟಿಲಿನ ಜೊತೆ ಅದನ್ನೇ ಉಚಿತ ಎಂದು ಕೊಡುತ್ತಿರುತ್ತಾರೆ.

ಪಾಟಿ: ಕಲಿತರೂ ಕೂಸು ಬಂದ ಮೇಲೆ ಎಷ್ಟೋ ಮಕ್ಕಳು ಮರೆಯುತ್ತವೆ. ಬೈಯದೆ ಮತ್ತೆ ಡಯಪರ್ ಹಾಕಿ.

ಹೆಜ್ಜೆ 5: ಹೇಳುವುದು

ಹೊಟ್ಟೆ ಕಾಣಿಸಿದಾಗ ಹೇಳಿ, ಅಷ್ಟೇ. ‘ನಾಲ್ಕು ತಿಂಗಳು’ ಎಂದರೆ ಎರಡು ವರ್ಷದ ಮಗುವಿಗೆ ಅರ್ಥವಾಗದು. ‘ನಿನ್ನ ಹುಟ್ಟುಹಬ್ಬ ಆದ ಮೇಲೆ’ ಎಂದರೆ ಅಲ್ಪಸ್ವಲ್ಪ ಆಗುತ್ತದೆ. ‘ನಿಂಗೆ ಆಟಕ್ಕೆ ಜೊತೆ ಬರುತ್ತೆ’ ಎಂದು ಆಸೆ ಹುಟ್ಟಿಸಬೇಡಿ. ಬರುವುದು ಮಲಗುವ, ಅಳುವ, ಹಾಲು ಕುಡಿಯುವ ಒಂದು ಕೂಸು. ಅದನ್ನೇ ಹೇಳಿ.

ಹೆಜ್ಜೆ 6: ಕೊನೆಯ ಆರು ವಾರ

ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲಿಗಿಂತ ಬೇಗ ಆಗುತ್ತದೆ. ಮೊದಲ ಸಲ ಹದಿನೆಂಟು ಗಂಟೆ ಹಿಡಿಯಿತೆಂದು ಈ ಸಲವೂ ಸ್ನಾನ ಮುಗಿಸಿ ಹೊರಡುವ ಲೆಕ್ಕ ಹಾಕಬೇಡಿ. ಅಮ್ಮ ಹೊರಡುವುದಕ್ಕಿಂತ ಮುಂಚೆ ಮಗುವಿನ ಬಳಿ ಒಬ್ಬರು ಬಂದಿರಬೇಕಲ್ಲ, ತಡವಾಗುವುದೇ ಅಲ್ಲಿ. ನಡುರಾತ್ರಿ ಮೂರಕ್ಕೆ ಫೋನ್ ಎತ್ತುವ ಮೂವರ ಹೆಸರು ಬರೆದಿಡಿ, ಮೊದಲನೆಯವರಿಗೆ ಬೀಗದ ಕೈ ಕೊಟ್ಟಿರಿ. ದೊಡ್ಡ ಮಗುವಿನ ತೂಕ, ಜ್ವರದ ಔಷಧಿಯ ಪ್ರಮಾಣ, ಮಧ್ಯಾಹ್ನದ ನಿದ್ದೆಯ ಹೊತ್ತು, ಜೊತೆಗೆ ಅದರದೇ ಪದಕೋಶ ಒಂದು ಹಾಳೆಯಲ್ಲಿರಲಿ. ‘ಬೂ’ ಎಂದರೆ ನೀರೋ ನಾಯಿಯೋ ಬೇರೆಯವರಿಗೆ ಹೇಗೆ ಗೊತ್ತಾಗಬೇಕು?

ನಾಯಿಕೆಮ್ಮಿನ ಲಸಿಕೆ ಪ್ರತಿ ಬಸಿರಿಗೂ ಬೇರೆಯೇ ಬೇಕು ಎನ್ನುವುದು ಹಲವು ದೇಶಗಳ ಸಲಹೆ, ಅಮೆರಿಕದಲ್ಲಿ ಕೊಡುವುದು 27ರಿಂದ 36ನೇ ವಾರದೊಳಗೆ. ವೈದ್ಯರಲ್ಲಿ ಕೇಳಿ. ದೊಡ್ಡ ಮಗುವಿನ ಲಸಿಕೆ ಬಾಕಿಯಿದ್ದರೆ ಈಗಲೇ ಹಾಕಿಸಿ. ಕೂಸಿಗೆ ಸೋಂಕು ತರುವುದು ಹೆಚ್ಚಾಗಿ ಮನೆಯವರೇ.

ಹೆಜ್ಜೆ 7: ಮೊದಲ ಭೇಟಿ ಮತ್ತು ಆಮೇಲೆ

ದೊಡ್ಡ ಮಗು ಕೋಣೆಗೆ ಬರುವಾಗ ಅಮ್ಮನ ಕೈ ಖಾಲಿ ಇರಲಿ, ಕೂಸು ತೊಟ್ಟಿಲಲ್ಲಿರಲಿ. ಮೊದಲು ಈ ಮಗುವನ್ನು ಅಪ್ಪಿಕೊಳ್ಳಿ. ಹೊಲಿಗೆ ಇದ್ದರೆ ಹೊಟ್ಟೆಯ ಮೇಲೊಂದು ದಿಂಬು ಇಟ್ಟುಕೊಂಡು ಪಕ್ಕದಿಂದ ಹತ್ತಿಸಿ. ‘ಪಾಪು ನೋಡು’ ಎಂದು ಯಾರೂ ಅವಸರಿಸಬಾರದು, ಅದಾಗಿಯೇ ಕೇಳುತ್ತದೆ.

ಮನೆಯಲ್ಲಿ ಜಗಳ ಹುಟ್ಟುವ ಹೊತ್ತು ಹಾಲೂಡಿಸುವಾಗಿನದು. ಅಮ್ಮನ ಎರಡೂ ಕೈ ಕಟ್ಟಿವೆಯೆಂದು ದೊಡ್ಡದಕ್ಕೆ ಗೊತ್ತು, ಆಗಲೇ ಅದಕ್ಕೆ ನೀರಡಿಕೆ, ಆಗಲೇ ಬಚ್ಚಲು. ಹಾಲೂಡಿಸುವ ಮುನ್ನ ಬಚ್ಚಲಿಗೆ ಕಳಿಸಿ, ನೀರಿನ ಲೋಟ, ಎರಡು ಪುಸ್ತಕ ಮತ್ತು ಆ ಹೊತ್ತಿಗೆ ಮಾತ್ರ ಹೊರಬರುವ ಆಟಿಕೆಗಳ ಬುಟ್ಟಿಯೊಂದನ್ನು ಪಕ್ಕಕ್ಕೆ ಇಟ್ಟುಕೊಳ್ಳಿ. ಎರಡನೇ ಬಾಣಂತನದಲ್ಲಿ ಹಾಲು ಕೊಡುವಾಗ ಹೊಟ್ಟೆ ಹಿಂಡುವ ನೋವು ಮೊದಲಿಗಿಂತ ಜೋರು. ಆ ಕ್ಷಣಕ್ಕೆ ದೊಡ್ಡದು ಮೈಮೇಲೆ ಹತ್ತಿದರೆ ಯಾರಿಗಾದರೂ ಸಿಡುಕು ಬರುತ್ತದೆ. ‘ಸುಮ್ನಿರು, ಪಾಪು ಮಲಗಿದೆ’ ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುವ ಮಗುವಿಗೆ ಆಗೊಮ್ಮೆ ಈಗೊಮ್ಮೆ ಇದೂ ಕೇಳಲಿ: ‘ಪಾಪು, ಸ್ವಲ್ಪ ತಡಿ, ಅಕ್ಕನಿಗೆ ಚಪ್ಪಲಿ ಹಾಕಿ ಬರ್ತೀನಿ.’ ಕೂಸಿಗೆ ಅದು ಅರ್ಥವಾಗದಿದ್ದರೂ ನಷ್ಟವಿಲ್ಲ.

ಇಬ್ಬರನ್ನೇ ಒಂದು ಕೋಣೆಯಲ್ಲಿ ಒಂದು ನಿಮಿಷವೂ ಬಿಡಬೇಡಿ. ಹೊಡೆಯುತ್ತದೆಂದಲ್ಲ, ತಿನ್ನಿಸಲು ಹೋಗುತ್ತದೆ, ಹೊದಿಸಲು ಹೋಗುತ್ತದೆ, ಎತ್ತಲು ಹೋಗುತ್ತದೆ. ‘ಮುಟ್ಟಬೇಡ’ ಎನ್ನುವುದರ ಬದಲು ಮುಟ್ಟುವ ಜಾಗ ತೋರಿಸಿ. ಮುಖ, ಕೈ ಬೇಡ. ಪಾದ ಹಿಡಿಯಬಹುದು, ಕೈ ತೊಳೆದು, ಕೂತುಕೊಂಡು, ಒಂದೇ ಬೆರಳಲ್ಲಿ ಅಂಗಾಲು ಸವರಬಹುದು.