ಲಾಭ ಆಮೇಲೆ, ಮೊದಲು ಗೋಡೌನ್ ನೋಡಿ: ರಿಟೇಲ್ ಕಂಪನಿಯ ಲೆಕ್ಕ ಓದುವ ಬಗೆ

ಕೆಲವು ವರ್ಷದ ಹಿಂದೆ ಒಂದು ರೆಡಿಮೇಡ್ ಬಟ್ಟೆ ಕಂಪನಿಯ ಷೇರು ತಗೊಂಡಿದ್ದೆ. ಹೆಸರು ಬೇಡ. ಮೂರು ವರ್ಷ ಸಾಲಾಗಿ ಲಾಭ ಏರಿತ್ತು, ನಾನು ನೋಡಿದ್ದು ಅಷ್ಟೇ. ನಾಲ್ಕನೇ ವರ್ಷ ಗೋಡೌನಿನಲ್ಲಿ ಉಳಿದ ಹಳೇ ಬಟ್ಟೆಯ ಬೆಲೆಯನ್ನು ಇಳಿಸಿ ಲೆಕ್ಕ ಬರೆದರು. ಲಾಭ ಮಾಯ, ಷೇರು ಅರ್ಧಕ್ಕೆ ಬಂತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಆ ಕಂಪನಿಯ ಹಳೇ ವರದಿ ತೋರಿಸಿದೆ. ಅವನು ಷೇರಿನ ಗೊಡವೆಗೆ ಹೋದವನೇ ಅಲ್ಲ. ಎರಡು ನಿಮಿಷ ಅಂಕಿ ಮೇಲೆ ಬೆರಳಾಡಿಸಿ, "ಮಾರಾಯ, ವ್ಯಾಪಾರ ಇಷ್ಟು ಚೆನ್ನಾಗಿದ್ರೆ ಮಾಲು ಯಾಕೆ ಇಷ್ಟೊಂದು ಬಿದ್ದಿದೆ?" ಅಂದ.

ಆವತ್ತಿನಿಂದ ನಾವು ಮೂರ್ನಾಲ್ಕು ಜನ ಭಾನುವಾರ ಮಧ್ಯಾಹ್ನ ಅವನ ಅಂಗಡಿಯಲ್ಲೇ ಕೂತು ವರದಿ ಓದುತ್ತೇವೆ. ಯಾರೂ ಸಿಎ ಓದಿದವರಲ್ಲ. ನಾವು ಓದುವ ಕ್ರಮ ಹೀಗಿದೆ.

ಮೊದಲು ಕಾಗದ ಇಳಿಸಿಕೊಳ್ಳಿ. ಷೇರುಪೇಟೆಗಳಾದ ಎನ್‌ಎಸ್‌ಇ, ಬಿಎಸ್‌ಇ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹಾಕಿದರೆ ಎಲ್ಲ ಪುಕ್ಕಟೆ ಸಿಗುತ್ತದೆ. ಮೂರು ತಿಂಗಳ ಫಲಿತಾಂಶ 45 ದಿನದೊಳಗೆ, ಮಾರ್ಚ್‌ಗೆ ಮುಗಿಯುವ ವರ್ಷದ್ದು 60 ದಿನದೊಳಗೆ ಬರಬೇಕು ಅನ್ನುವುದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಒಂದು ವಿಷಯ ಗಮನಿಸಿ: ಬ್ಯಾಲೆನ್ಸ್ ಶೀಟ್ (ಆಸ್ತಿ, ಸಾಲದ ಪಟ್ಟಿ), ಕ್ಯಾಶ್ ಫ್ಲೋ (ನಗದು ಬಂದು ಹೋದ ಲೆಕ್ಕ) ಎರಡನ್ನೂ ಕಡ್ಡಾಯವಾಗಿ ಕೊಡಬೇಕಾದದ್ದು ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶದ ಜೊತೆ ಮಾತ್ರ. ಜೂನ್, ಡಿಸೆಂಬರ್ ಫಲಿತಾಂಶದಲ್ಲಿ ಸಾಮಾನ್ಯವಾಗಿ ಬರೀ ಲಾಭದ ಲೆಕ್ಕ ಇರುತ್ತದೆ, ಅದನ್ನು ನೋಡಿ ಕುಣಿಯಬೇಡಿ.

ಈಗ ಗೋಡೌನಿಗೆ ಬನ್ನಿ. ಬ್ಯಾಲೆನ್ಸ್ ಶೀಟಿನಲ್ಲಿ ಇನ್ವೆಂಟರೀಸ್ ಅಂತ ಒಂದು ಸಾಲು ಇರುತ್ತದೆ, ಅಂದರೆ ಮಾರದೆ ಉಳಿದ ಸರಕು. ನಮ್ಮ ಅಡಿಕೆ ಮಂಡಿಯಲ್ಲಿ ಸರಕು ಅಂದರೆ ರಾಶಿ, ಬೆಟ್ಟೆ, ಗೊರಬಲು ಅನ್ನುವ ಬೇರೆ ದರ್ಜೆಗಳೆಲ್ಲಕ್ಕಿಂತ ಜಾಸ್ತಿ ರೇಟು ಬರುವ ಅಡಿಕೆ, ಹೆಸರು ಕೇಳಿದರೇ ಖುಷಿ. ರಿಟೇಲ್ ಕಂಪನಿಯಲ್ಲಿ ಸರಕು ಜಾಸ್ತಿಯಾದರೆ ಎದೆ ಢವಢವ. ಅಡಿಕೆಯನ್ನಾದರೆ ಒಳ್ಳೇ ರೇಟು ಬರುವ ತನಕ ಇಟ್ಟುಕೊಳ್ಳಬಹುದು, ಹೋದ ವರ್ಷದ ಫ್ಯಾಷನ್ನಿನ ಕುರ್ತಾ ಇಟ್ಟುಕೊಂಡು ಏನು ಮಾಡುವುದು, ನೆಲ ಒರೆಸಬೇಕಷ್ಟೆ.

ಲೆಕ್ಕ ಸುಲಭ. ಲಾಭ-ನಷ್ಟದ ಪುಟದಲ್ಲಿ 'ಪರ್ಚೇಸಸ್ ಆಫ್ ಸ್ಟಾಕ್ ಇನ್ ಟ್ರೇಡ್' ಅನ್ನುವ ಸಾಲು ಹುಡುಕಿ. ಅದರ ಕೆಳಗೇ 'ಚೇಂಜಸ್ ಇನ್ ಇನ್ವೆಂಟರೀಸ್' ಇರುತ್ತದೆ. ಆ ಅಂಕಿ ಬ್ರಾಕೆಟ್ಟಿನಲ್ಲಿದ್ದರೆ ಕಳೆಯಿರಿ, ಇಲ್ಲದಿದ್ದರೆ ಕೂಡಿಸಿ. ಬಂದದ್ದು ಮಾರಿದ ಮಾಲಿನ ಅಸಲು. ಸರಕನ್ನು ಅಸಲಿನಿಂದ ಭಾಗಿಸಿ 365ರಿಂದ ಗುಣಿಸಿದರೆ ಎಷ್ಟು ದಿನದ ಮಾಲು ಬಿದ್ದಿದೆ ಅಂತ ಗೊತ್ತಾಗುತ್ತದೆ. ಉದಾಹರಣೆಗೆ ಒಂದು ಕಂಪನಿ 1,000 ಕೋಟಿ ಮಾಲು ಕೊಂಡಿದೆ, ಬ್ರಾಕೆಟ್ಟಿನಲ್ಲಿ 100 ಕೋಟಿ ಇದೆ ಅಂದುಕೊಳ್ಳಿ. ಅಸಲು 900 ಕೋಟಿ. ಸರಕು 300 ಕೋಟಿ ಇದ್ದರೆ ಸುಮಾರು 122 ದಿನ. ಮರುವರ್ಷ 1,380 ಕೋಟಿ ಖರೀದಿ, ಬ್ರಾಕೆಟ್ಟಿನಲ್ಲಿ 180. ಅಸಲು 1,200 ಕೋಟಿ, ಸರಕು 480 ಕೋಟಿ, 146 ದಿನ. ಪತ್ರಿಕೆಯಲ್ಲಿ 'ಭರ್ಜರಿ ವ್ಯಾಪಾರ' ಅಂತ ಬರುತ್ತದೆ. ಆದರೆ ಮಾಲು 24 ದಿನ ಜಾಸ್ತಿ ಕೊಳೆಯುತ್ತಿದೆ, ಅಲ್ವಾ?

ನಾನು ಎಡವಿದ್ದೂ ಇಲ್ಲೇ. ಮಾರದೆ ಉಳಿದ ಮಾಲಿಗೆ ಕೊಟ್ಟ ದುಡ್ಡು ಆ ವರ್ಷದ ಖರ್ಚಿನಲ್ಲಿ ಬರುವುದೇ ಇಲ್ಲ, ಆಸ್ತಿ ಅಂತ ಕೂತಿರುತ್ತದೆ. ಅದು ಹೋಗುವುದಿಲ್ಲ ಅಂತ ಕಂಪನಿ ಒಪ್ಪಿಕೊಂಡು ಬೆಲೆ ಇಳಿಸಿದ ದಿನ ಏಟು ಒಟ್ಟಿಗೇ ಬೀಳುತ್ತದೆ.

ದಿನಸಿಯನ್ನು ಬಟ್ಟೆಗೆ ಹೋಲಿಸಬೇಡಿ. ಡಿಮಾರ್ಟ್ ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್ 2023-24ರಲ್ಲಿ 50,000 ಕೋಟಿಗೂ ಮೀರಿ ವ್ಯಾಪಾರ ಮಾಡಿತು, ಉಳಿದ ಸರಕು ಹೆಚ್ಚುಕಡಿಮೆ ಒಂದು ತಿಂಗಳಿನದು. ನೂರು ರೂಪಾಯಿ ವ್ಯಾಪಾರಕ್ಕೆ ಕೈಗುಳಿದದ್ದು 5 ರೂಪಾಯಿ. ನನ್ನ ಗೆಳೆಯ ಇದನ್ನು ಕೇಳಿ, "ಅಷ್ಟು ದೊಡ್ಡೋರಿಗೂ ಇಷ್ಟೇನಾ" ಅಂತ ಸಮಾಧಾನ ಪಟ್ಟುಕೊಂಡ. ಬಟ್ಟೆಯವರಿಗೆ ದಿನ ಜಾಸ್ತಿ ಹಿಡಿಯುವುದು ಸಹಜ, ಅದೇ ಕಂಪನಿಯ ಐದು ವರ್ಷದ ದಿನಗಳನ್ನು ಸಾಲಾಗಿ ಬರೆದಿಟ್ಟು ನೋಡಿ.

ಸರಕಿನ ಜೊತೆ ಉದ್ರಿಯನ್ನೂ ನೋಡಬೇಕು. ಟ್ರೇಡ್ ಪೇಯಬಲ್ಸ್ ಅಂದರೆ ಮಾಲು ಕೊಟ್ಟವರಿಗೆ ಕಂಪನಿ ಕೊಡಬೇಕಾದ ಬಾಕಿ. ಈ ಬಾಕಿ ಎಷ್ಟು ಹಳೆಯದು ಅನ್ನುವ ಪಟ್ಟಿ 2021-22ರಿಂದ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಇರಲೇಬೇಕು. ಒಂದು ವರ್ಷ ದಾಟಿದ ಬಾಕಿ ಬೆಳೆಯುತ್ತಿದ್ದರೆ ಮಾಲು ಕೊಡುವವರ ತಾಳ್ಮೆಯ ಮೇಲೆ ಅಂಗಡಿ ನಡೆಯುತ್ತಿದೆ ಅಂತ ಅರ್ಥ.

ಮುಂದಿನದು ಬಾಡಿಗೆ. ಇದು ಸ್ವಲ್ಪ ತಲೆ ತಿನ್ನುತ್ತದೆ, ನಿಧಾನಕ್ಕೆ ಓದಿ. 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಅನ್ನುವ ಲೆಕ್ಕದ ನಿಯಮ ಬಂತು. ಅದರಿಂದ ದೀರ್ಘಾವಧಿ ಬಾಡಿಗೆಯ ಬಹುಪಾಲು ಬಾಡಿಗೆ ಅಂತ ಕಾಣುವುದೇ ಇಲ್ಲ. ಒಂದು ಭಾಗ ಸವಕಳಿ, ಅಂದರೆ ಆಸ್ತಿ ಸವೆದ ಲೆಕ್ಕದ ಖರ್ಚು, ಆಗುತ್ತದೆ, ಇನ್ನೊಂದು ಭಾಗ ಬಡ್ಡಿಯಾಗುತ್ತದೆ. ಹಾಗಾಗಿ ಬಡ್ಡಿ, ಸವಕಳಿಗೆ ಮುಂಚಿನ ಲಾಭ, ಅದೇ ಟಿವಿಯಲ್ಲಿ ದಿನವಿಡೀ ಹೇಳುವ ಎಬಿಟ್ಡಾ, ದಪ್ಪಗೆ ಕಾಣುತ್ತದೆ. ಕ್ಯಾಶ್ ಫ್ಲೋದಲ್ಲೂ ಇದೇ ಕಥೆ. ವ್ಯಾಪಾರದಿಂದ ಬಂದ ನಗದು ಚೆನ್ನಾಗಿಯೇ ಕಾಣುತ್ತದೆ, ಕಟ್ಟಿದ ಬಾಡಿಗೆ ಮಾತ್ರ ಕೆಳಗೆ ಸಾಲ ತೀರಿಸಿದ ಸಾಲುಗಳ ಜೊತೆ 'ಲೀಸ್ ಲಯಬಿಲಿಟೀಸ್' ಅನ್ನುವ ಹೆಸರಿನಲ್ಲಿ ಅಡಗಿರುತ್ತದೆ. ಅದರ ಅಸಲು, ಬಡ್ಡಿ ಎರಡನ್ನೂ ಹುಡುಕಿ ಮೇಲಿನ ನಗದಿನಿಂದ ಕಳೆಯಿರಿ. ಉಳಿದದ್ದೇ ನಿಜವಾದ ನಗದು. ಡಿಮಾರ್ಟ್‌ನಂತೆ ಹೆಚ್ಚಿನ ಅಂಗಡಿ ಸ್ವಂತದ್ದಾದರೆ ಇದು ಅಷ್ಟು ಕಾಡುವುದಿಲ್ಲ. ಬಾಡಿಗೆ ಅಂಗಡಿಗಳವರಿಗೆ ಇದು ಪ್ರಾಣ. ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಬಾಡಿಗೆ ಬಾಕಿ ಉಳಿಸಿಕೊಂಡು 2022ರ ಆರಂಭದಲ್ಲಿ ನೂರಾರು ಅಂಗಡಿಗಳನ್ನು ರಿಲಯನ್ಸ್‌ಗೆ ಬಿಟ್ಟುಕೊಡಬೇಕಾಯಿತು, ಅದೇ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಆ ಕಂಪನಿಯ ಪ್ರವರ್ತಕರ, ಅಂದರೆ ಅದನ್ನು ನಡೆಸುವ ಮಾಲೀಕರ, ಷೇರುಗಳಲ್ಲಿ ಬಹುಪಾಲು ಮೊದಲೇ ಸಾಲಕ್ಕೆ ಅಡವಿದ್ದವು. ಅಡವಿನ ವಿವರ ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ಪಟ್ಟಿಯಲ್ಲಿ ಇರುತ್ತದೆ, ನೋಡಲು ಅರ್ಧ ನಿಮಿಷ ಸಾಕು.

ವ್ಯಾಪಾರ ಬೆಳೆಯಿತು ಅಂದಾಗ ಹಳೇ ಅಂಗಡಿಗಳಲ್ಲಿ ಬೆಳೆಯಿತೋ, ಹೊಸ ಅಂಗಡಿ ತೆರೆದದ್ದಕ್ಕೆ ಬೆಳೆಯಿತೋ ಕೇಳಿ. 40 ಅಂಗಡಿ 60 ಆಗಿ ವ್ಯಾಪಾರ ಬರೀ ಶೇ 30 ಏರಿದ್ದರೆ ಹಳೇ ಅಂಗಡಿಗಳು ಸೊರಗಿರಬಹುದು. ಹೊಸವು ವರ್ಷದ ಕೊನೆಗೆ ತೆರೆದಿದ್ದರೆ ಮಾತು ಬೇರೆ, ಅದನ್ನೂ ನೋಡಿ. ಹಬ್ಬ ಯಾವಾಗ ಬಂತು ಅನ್ನುವುದೂ ಮುಖ್ಯ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಇತ್ತು, 2025ರಲ್ಲಿ ಮಾರ್ಚ್ 30ಕ್ಕೇ ಬಂತು. ಹಾಗಾಗಿ ಒಂದೇ ಹಣಕಾಸು ವರ್ಷದಲ್ಲಿ ಎರಡು ಯುಗಾದಿಯ ಬಟ್ಟೆ ವ್ಯಾಪಾರ ಸೇರಿಕೊಂಡಿತು. ಅದರ ಮುಂದಿನ ಜೂನ್ ತ್ರೈಮಾಸಿಕಕ್ಕೆ ಯುಗಾದಿಯೇ ಇಲ್ಲ. ಕ್ಯಾಲೆಂಡರ್ ತಿರುಗಿಸದೆ ವ್ಯಾಪಾರ ಬಿತ್ತು, ಎದ್ದಿತು ಅನ್ನುವವರು ಬಹಳ ಜನ.

ಇಷ್ಟಾದ ಮೇಲೆ ಕಂಪನಿಯ ಅಂಗಡಿಗೇ ಹೋಗಿ. ಭಾನುವಾರ ಬೇಡ, ಮಳೆ ಹೊಯ್ಯುವ ಒಂದು ಮಂಗಳವಾರ ಸಂಜೆ ಹೋಗಿ. ಆಫರ್ ಬುಟ್ಟಿಯಲ್ಲಿ ಏನಿದೆ, ಒಂದು ಬೆಲೆ ಚೀಟಿಯ ಮೇಲೆ ಇನ್ನೆಷ್ಟು ಚೀಟಿ ಅಂಟಿಸಿದ್ದಾರೆ ನೋಡಿ. ಒಮ್ಮೆ ನಾವು ಒಂದು ಶರ್ಟಿನ ಮೇಲೆ ಉಗುರಲ್ಲಿ ಕೆರೆದು ನಾಲ್ಕು ಚೀಟಿ ಎಣಿಸಿದ್ದೆವು. ಸೆಕ್ಯೂರಿಟಿಯವನು ನಮ್ಮನ್ನೇ ನೋಡುತ್ತಿದ್ದ, ಕೊನೆಗೆ ಮುಜುಗರಕ್ಕೆ ಆ ಶರ್ಟನ್ನೇ ಕೊಂಡು ಬಂದೆವು.

ವಾರ್ಷಿಕ ಸಭೆಗೆ ಮುಂಬೈಗೇ ಹೋಗಬೇಕು ಅನ್ನುವ ಕಾಲ ಹೋಯಿತು. ಬಹಳಷ್ಟು ಕಂಪನಿಗಳು ಆನ್‌ಲೈನ್‌ನಲ್ಲೇ ನಡೆಸುತ್ತವೆ. ಒಂದೇ ಷೇರು ಇದ್ದರೂ ಸಭೆಯ ನೋಟಿಸಿನಲ್ಲಿ ಹೇಳಿದ ದಿನದೊಳಗೆ ಹೆಸರು ಕೊಟ್ಟು ಪ್ರಶ್ನೆ ಕೇಳಲು ಅವಕಾಶ ಕೋರಬಹುದು. ಷೇರಿನ ಸಹವಾಸವೇ ಬೇಡ ಅನ್ನುತ್ತಿದ್ದ ನನ್ನ ಗೆಳೆಯ ಈ ಸಲ ಒಂದು ಷೇರು ಕೊಂಡಿದ್ದಾನೆ. ಪ್ರಶ್ನೆಯನ್ನು ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆದಿಟ್ಟಿದ್ದಾನೆ: "ಆರು ತಿಂಗಳು ದಾಟಿದ ಮಾಲು ಎಷ್ಟು ಕೋಟಿ ಇದೆ, ಅದನ್ನು ಯಾವ ರೇಟಿಗೆ ಹಿಡಿದಿದ್ದೀರಿ?"